ಇಳಿಯುವವರು ಯಾರು

ತಿದ್ದಲು ಬಂದ ಸಾಲುಗಳಲ್ಲಿ ನೂರಾ ಹದಿನೇಳನೆಯದು:
'ಬಳಕೆದಾರನು ಹೊರಹೋಗಿದ್ದಾನೆ.'
ನನಗಿಂತ ಮೊದಲು ಯಾರೋ ಕನ್ನಡಿಸಿ ಇಟ್ಟದ್ದು.
ವ್ಯಾಕರಣ ಸರಿ, ಕಾಗುಣಿತ ಸರಿ.
ನಾನೂ ಹೊರಹೋಗಿದ್ದೆ ಅದರಿಂದ ಎಷ್ಟೋ ರಾತ್ರಿ,
ಪ್ರತಿ ಸಲವೂ ಗಂಡಸಾಗಿ.

ಬೆಂದೂರುವೆಲ್ಲಿನ ಝೆರಾಕ್ಸ್ ಅಂಗಡಿಯ ಮಾಳಿಗೆಯಲ್ಲಿ
ತಿಂಗಳ ಎರಡನೇ ಭಾನುವಾರ ನಾವು ಸೇರುವುದು.
ಹನ್ನೊಂದು ಪ್ಲಾಸ್ಟಿಕ್ ಕುರ್ಚಿ, ಸಾಲ ತಂದ ಪ್ರೊಜೆಕ್ಟರು,
ಗೋಡೆಯ ಸುಣ್ಣ ಉದುರಿದಲ್ಲಿ ಅಕ್ಷರವೂ ಉದುರುತ್ತದೆ.
ಮೊದಲ ದಿನ ಬಾಗಿಲಲ್ಲಿ ನಿಂತಾಗ
ದೀಕ್ಷಿತ್ ಕೊಟ್ಟಾರಿ ಎದ್ದು ಬಂದ. ಪಾಪ, ಒಳ್ಳೆಯ ಹುಡುಗ.
'ಪಾರ್ಲರಿಗೆ ಪಕ್ಕದ ಮೆಟ್ಟಿಲು, ಅಕ್ಕ.'

'ನಾನು ಎಂ. ಸಿಕ್ವೇರಾ' ಅಂದೆ.
ಆರು ತಿಂಗಳಿಂದ ಅವರ ಫಾಂಟಿನ ಒತ್ತಕ್ಷರ ರಿಪೇರಿಯವಳು,
'ಸ್ವಾತಂತ್ರ್ಯ'ದ ಅಡಿಯಿಂದ ಜಾರುತ್ತಿದ್ದ ಯ-ಒತ್ತನ್ನು
ಹಿಡಿದು ನಿಲ್ಲಿಸಿದವಳು.
ಕೋಣೆ ಒಂದು ಗಳಿಗೆ ಹ್ಯಾಂಗ್ ಆಯಿತು.
'ಸಿಕ್ವೇರಾ ಅಂದರೆ... ನಾವು ಅವನನ್ನು...'
'ಹೌದು, ಅವನೇ' ಅಂದೆ.
ನಗು ಬಂತು ಎಲ್ಲರಿಗೂ. ನನಗೂ,
ಮನೆ ಮುಟ್ಟುವವರೆಗೆ.

ಲಿಂಗ ಬದಲಾಗುವುದು ನನಗೆ ಹೊಸತಲ್ಲ.
ನಮ್ಮ ಕೊಂಕಣಿಯಲ್ಲಿ ಮದುವೆಯಾಗದ ಹುಡುಗಿ ನಪುಂಸಕ:
'ತೆಂ ಆಯ್ಲೆಂ', ಅದು ಬಂತು, ಮೆಲಿಟಾ ಬಂತು,
ಮೂವತ್ತೆಂಟು ವರ್ಷ ಬಂತು, ಉಂಡಿತು, ಮಲಗಿತು,
ಬಂಗುಡೆ ಕೊಯ್ದಿತು, ಬಿಎಸ್ಸಿ ಪಾಸಾಯಿತು.
ಅದರಲ್ಲಿ ಪ್ರೀತಿ ಇದೆ, ಮಮ್ಮಿಯ ಬಾಯಲ್ಲಿ ಕೇಳಬೇಕು ನೀವು.
ಕುರ್ಚಿಗೂ ಅದೇ ಪ್ರತ್ಯಯ ಎನ್ನುವುದೂ ಇದೆ.
ಮನೆಯಲ್ಲಿ ಅದು, ಪ್ರಾಜೆಕ್ಟಿನಲ್ಲಿ ಅವನು.
ಅವಳಾಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ,
ಬಸ್ ಸ್ಟಾಪಿನಲ್ಲಿ.

ನೂರಾ ಹದಿನೇಳನ್ನು ಗೋಡೆಗೆ ಬಿಟ್ಟೆ ಈ ಭಾನುವಾರ.
'ಎಂತ ಮಾರಾಯ, ಇದೂ ಒಂದು ಬಗ್ಗಾ?' ಅಂದ ದೀಕ್ಷಿತ್,
ನಾಲಿಗೆ ಕಚ್ಚಿಕೊಂಡು 'ಮಾರಾಯ್ತಿ' ಅಂದ.
ಹಫೀಝ್ ಒಂದು ಓರೆಗೀಟು ಎಳೆದ: ಬಳಕೆದಾರನು/ಳು.
ಗೀಟಿನಾಚೆ ನಾನು,
ಫುಟ್‌ಬೋರ್ಡಿನಲ್ಲಿ ಒಂದು ಕಾಲು, ಗಾಳಿಯಲ್ಲಿ ಒಂದು.

ಹಿಂದಿನ ಕುರ್ಚಿಯಿಂದ ರೋಶು. ಕುಳಾಯಿಯಿಂದ ಬರುವುದು,
ಹತ್ತೊಂಬತ್ತು, ಹಾಜರಿಪಟ್ಟಿಯ ಹೆಸರು ಬೇರೆ.
'ಗೀಟಿನ ಎರಡೂ ಕಡೆ ನನಗೆ ಜಾಗ ಇಲ್ಲ.'
ದೀಕ್ಷಿತ್ ಪ್ರೊಜೆಕ್ಟರಿನ ವಯರು ಸರಿಮಾಡತೊಡಗಿದ.
ಅದು ಸರಿಯೇ ಇತ್ತು.
'ಮತ್ತೆ ನಿಮ್ಮನ್ನು, ನಿನ್ನನ್ನು, ಹೇಗೆ ಹೇಳುವುದು?'
'ಅವರು ಅನ್ನಿ.'
'ಅದು ದೊಡ್ಡವರಿಗಲ್ಲವಾ?'
'ಗೌರವಕ್ಕಲ್ಲ' ಅಂದರು ರೋಶು, 'ಜಾಗಕ್ಕೆ.'

ಕುಲಶೇಖರದ ಬಸ್ಸು, ಸಂಜೆಯ ಬೆವರು.
ನಂತೂರು ದಾಟಿತು, ತಲೆಯಲ್ಲಿ ಇನ್ನೂ ಅದೇ ಸಾಲು.
ಕಂಡಕ್ಟರು ಬಾಗಿಲಿಗೆ ತಟ್ಟಿ ಕೂಗಿದ:
'ಬಿಕರ್ನಕಟ್ಟೆ ಜಪ್ಪುನಕುಲು ಏರ್?'
ಯಾರೂ ಅಲುಗದ್ದಕ್ಕೆ ಮತ್ತೆ, ಕನ್ನಡದಲ್ಲಿ:
'ಇಳಿಯುವವರು ಯಾರು? ಎದುರು ಬನ್ನಿ ಮಾರಾಯ್ರೆ!'
ಖಾಲಿ ಮೀನಿನ ಬುಟ್ಟಿ ಇಳಿಯಿತು, ಕಾಲೇಜು ಬ್ಯಾಗು ಇಳಿಯಿತು,
ಊರುಗೋಲೊಂದು ನಿಧಾನ ಇಳಿಯಿತು. ವಿಸಿಲ್.
ಅವನಿಗೆ ಬೇಕಾದದ್ದು ಅಷ್ಟೇ: ಇಳಿಯುವವರು.
ಯಾವ ಸಮಿತಿ ತಿದ್ದಿತ್ತು ಅವನ ವ್ಯಾಕರಣವನ್ನು?
ಚಿಲ್ಲರೆ ಕೊಡಲು ಮರೆತದ್ದಕ್ಕೆ ಬೈಯುತ್ತಲೇ ಹೋದ, ಅದು ಬೇರೆ,
ಯಾರೂ ದೇವರಲ್ಲ.
ನನ್ನ ಸ್ಟಾಪೂ ದಾಟಿಹೋಗಿತ್ತು.

ರಾತ್ರಿ ಅಳಿಸಿ ಬರೆದೆ: 'ನೀವು ಹೊರಬಂದಿದ್ದೀರಿ.'
ಗುಂಡಿಯಲ್ಲಿ ಸ್ವಲ್ಪ ಜಾಗವೂ ಉಳಿಯಿತು.
ನೂರಾ ಹದಿನೆಂಟು: 'ಕಡತವನ್ನು ಅಳಿಸಿದವನು.'
ಇನ್ನು ನಾನೂರಿವೆ.

ಮುಂದಿನ ಭಾನುವಾರ ರೋಶು ನಮ್ಮಲ್ಲಿ ಊಟಕ್ಕೆ.
ಮಮ್ಮಿಗೆ ಹೇಳಹೊರಟರೆ ನನ್ನ ಬಾಯಿಗೇ ಬಂದದ್ದು:
'ತೆಂ ಯೆತಾ', ಅದು ಬರುತ್ತದೆ.
ಇಷ್ಟೆಲ್ಲ ತಿದ್ದಿದವಳ ಬಾಯಿ!
ಮಮ್ಮಿ ಈಳಿಗೆಮಣೆಯಿಂದ ತಲೆ ಎತ್ತಿದರು:
'ಚೆಡೊಗೀ ಚೆಡುಂ?' ಹುಡುಗನಾ, ಹುಡುಗಿಯಾ?
'ಊಟಕ್ಕೆ ಬರುವವರು' ಅಂದೆ.
ಸ್ವಲ್ಪ ಹೊತ್ತು ಯೋಚಿಸಿ ಮಮ್ಮಿ ಕೇಳಿದ್ದು ಒಂದೇ:
'ಮೀನು ತಿನ್ನುತ್ತದಾ ಅದು?'